ಬ್ರಿಡ್ಜ್ ಪಿಕಪ್‌ನ ಕೀರಲು ದನಿ: ಎಲೆಕ್ಟ್ರಿಕ್ ಗಿಟಾರ್ ವೈರಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಜುಲೈ ಮಳೆಯಲ್ಲಿ ಪೊನ್ನಂಪೇಟೆ ಕಡೆಯ ಹುಡುಗನೊಬ್ಬ ಗಿಟಾರ್ ತಂದ. ಗಿಟಾರನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ ತನ್ನ ರೈನ್‌ಕೋಟನ್ನೂ ಹೊದಿಸಿದ್ದ. ತಾನು ಮಾತ್ರ ತೊಪ್ಪೆಯಾಗಿದ್ದ. "ಅಣ್ಣಾ, ಬ್ರಿಡ್ಜ್‌ಗೆ ಬೇರೆ ಪಿಕಪ್ ಹಾಕಿದೆ. ಸೌಂಡೇ ಇಲ್ಲ. ಪಿಕಪ್ ಸತ್ತಿದೆ ಅನ್ಸುತ್ತೆ" ಅಂದ. ಪಿಕಪ್ ಅಂದರೆ ತಂತಿಗಳ ಕೆಳಗಿದ್ದು ಅವುಗಳ ನಡುಕವನ್ನು ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಭಾಗ. ತಂತಿ ಕೂರುವ ಬ್ರಿಡ್ಜ್‌ನ ಹತ್ತಿರದ್ದು ಬ್ರಿಡ್ಜ್ ಪಿಕಪ್, ಗಿಟಾರ್‌ನ ಕುತ್ತಿಗೆ ಹತ್ತಿರದ್ದು ನೆಕ್ ಪಿಕಪ್.

ನನ್ನದು ಗೋಣಿಕೊಪ್ಪದಲ್ಲಿ ರೇಡಿಯೋ, ಟಿವಿ, ಆಂಪ್ಲಿಫೈಯರ್ ರಿಪೇರಿ ಕೆಲಸ. ನಾನೂ ಚೂರುಪಾರು ಗಿಟಾರ್ ಬಾರಿಸುತ್ತೇನೆ. ಹಾಗಾಗಿ ಸುತ್ತಮುತ್ತಲ ಬ್ಯಾಂಡ್ ಹುಡುಗರು ಹೀಗೆ ಬರುತ್ತಿರುತ್ತಾರೆ. ಹತ್ತರಲ್ಲಿ ಎಂಟು ಜನ "ಪಿಕಪ್ ಸತ್ತಿದೆ" ಅಂತಲೇ ತರುತ್ತಾರೆ. ನಿಜವಾಗಿ ಸತ್ತ ಪಿಕಪ್ ನನಗೆ ಸಿಕ್ಕಿದ್ದು ಬಹಳ ಕಮ್ಮಿ. ತಪ್ಪು ಇರುವುದು ವೈರಿಂಗ್‌ನಲ್ಲಿ.

"ಸೌಂಡೇ ಇಲ್ಲ" ಅನ್ನುವುದನ್ನು ಹಾಗೇ ನಂಬಬೇಡಿ. ಒಂದು ಸಲ ಬಾರಿಸಿ ಕೇಳಿ. ಈ ಗಿಟಾರ್‌ನಲ್ಲಿ ಎರಡು ಹಂಬಕರ್ ಪಿಕಪ್ (ಒಂದೊಂದರಲ್ಲೂ ಎರಡು ಕಾಯಿಲ್, ಅಂದರೆ ತಾಮ್ರದ ಸುರುಳಿ), ಒಂದು ವಾಲ್ಯೂಮ್, ಒಂದು ಟೋನ್, ಮೂರು ಸ್ಥಾನದ ಸ್ವಿಚ್. ನೆಕ್ ಪಿಕಪ್ ದಪ್ಪಗೆ, ತುಂಬಿಕೊಂಡು ಕೇಳುತ್ತಿತ್ತು. ಬ್ರಿಡ್ಜ್‌ಗೆ ಸ್ವಿಚ್ ಹಾಕಿದರೆ ಸದ್ದು ಅರ್ಧಕ್ಕಿಂತ ಕೆಳಗೆ ಬಿತ್ತು. ಬಿದ್ದಿದ್ದಷ್ಟೇ ಅಲ್ಲ, ನೆಗಡಿಯಾದವರು ಮೂಗಿನಲ್ಲಿ ಮಾತಾಡಿದ ಹಾಗೆ ಆಯ್ತು. ದಪ್ಪ ತಂತಿ ಮೀಟಿದರೂ ದಪ್ಪ ದನಿಯಿಲ್ಲ. ಸದ್ದು ಪೂರ್ತಿ ಇಲ್ಲದಿರುವುದು ಬೇರೆ, ಕೀರಲಾಗಿರುವುದು ಬೇರೆ, ಮಂಕಾಗಿರುವುದು ಬೇರೆ. ಮೂರಕ್ಕೂ ಕಾರಣ ಬೇರೆ ಬೇರೆ. ಇಷ್ಟನ್ನು ಕಿವಿಯಲ್ಲೇ ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಗಿಟಾರ್‌ನ ಹೊರಗೆ ನೋಡಿ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕೇಬಲ್ ಬದಲಾಯಿಸಿ ನೋಡಿ. ಇದನ್ನು ಹೇಳಿದರೆ ಹುಡುಗರಿಗೆ ಅವಮಾನ ಆಗುತ್ತೆ, ಆದರೂ ಹೇಳುತ್ತೇನೆ. ನಮ್ಮ ಕಡೆ ಮಳೆಗಾಲ ಅಂದರೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ. ಕೇಬಲ್‌ನ ಪ್ಲಗ್ಗು, ಗಿಟಾರ್‌ನ ಜಾಕು ಬಿಡುತ್ತವಾ? ಜಾಕ್ ಒಳಗಿನ ಪಟ್ಟಿ ಕಪ್ಪಾಗಿ ಅಥವಾ ಹಸಿರಾಗಿ ಕೂತಿರುತ್ತೆ. ಪ್ಲಗ್ ತಿರುಗಿಸಿದಾಗ ಕರಕರ ಅಂದರೆ, ಸದ್ದು ಹೋಗಿ ಬಂದು ಮಾಡಿದರೆ ಜಾಗ ಅದೇ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಪ್ಲಗ್ಗನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆಯಿರಿ. ಗೇಟಿನ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ. ಅದು ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಕಂಟ್ರೋಲ್) ಒಳಗೆ ಜಿಡ್ಡು ಬಿಟ್ಟು ಧೂಳು ಹಿಡಿಸುತ್ತೆ.

ಇನ್ನೊಂದು ವಿಷಯ. ಕೆಲವರು ತೇವ ಹೋಗಲಿ ಅಂತ ಗಿಟಾರನ್ನು ಒಲೆ ಮೇಲಿನ ಅಟ್ಟದಲ್ಲೋ, ಬಚ್ಚಲ ಹಂಡೆ ಪಕ್ಕದಲ್ಲೋ ಇಡುತ್ತಾರೆ. ದಯವಿಟ್ಟು ಬೇಡ. ಒಣಗುವುದಕ್ಕೆ ಅದೇನು ಹಂದಿ ಮಾಂಸವಲ್ಲ. ಕುತ್ತಿಗೆ ಬಾಗುತ್ತೆ. ಬಹಳಷ್ಟು ಪಿಕಪ್‌ಗಳ ಕಾಯಿಲ್‌ಗೆ ಮೇಣ ಕುಡಿಸಿರುತ್ತಾರೆ, ಶಾಖ ಜಾಸ್ತಿಯಾದರೆ ಅದೂ ಕರಗುತ್ತೆ.

ತಂತಿಗಳನ್ನೂ ನೋಡಿ. ಹೋದ ವರ್ಷ ಒಬ್ಬರು ತಂದ ಗಿಟಾರ್‌ನಲ್ಲಿ ಸಣ್ಣ ಎರಡು ತಂತಿ ಜೋರಾಗಿ, ದಪ್ಪ ನಾಲ್ಕು ಮೆತ್ತಗೆ ಕೇಳುತ್ತಿದ್ದವು. ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ್ದು ಅಂತ ಅಕೂಸ್ಟಿಕ್ ಗಿಟಾರ್‌ನ ಕಂಚಿನ ತಂತಿ ಹಾಕಿದ್ದರು. ಪಿಕಪ್ ಅಂದರೆ ಆಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ ಸುತ್ತಿದ ಕಾಯಿಲ್, ಅಷ್ಟೇ. ಮೇಲೆ ಉಕ್ಕಿನ ತಂತಿ ಅಲ್ಲಾಡಿದಾಗ ಆಯಸ್ಕಾಂತದ ಬಲ ಏರಿಳಿಯುತ್ತೆ, ಕಾಯಿಲ್‌ನಲ್ಲಿ ಚೂರು ಕರೆಂಟ್ ಹುಟ್ಟುತ್ತೆ. ಕಂಚಿಗೆ ಆಯಸ್ಕಾಂತ ಅಂಟಲ್ಲ. ಒಳಗಿನ ಸಣ್ಣ ಉಕ್ಕಿನ ಎಳೆಯಷ್ಟೇ ಪಿಕಪ್‌ಗೆ ಕಾಣುತ್ತೆ. ತಂತಿ ಬದಲಾಯಿಸಿದ್ದೇ ಗಿಟಾರ್ ಸರಿಯಾಯ್ತು.

ಪಿಕಪ್‌ನ ಎತ್ತರವನ್ನೂ ಗಮನಿಸಿ. ಪಕ್ಕದ ಎರಡು ಸ್ಕ್ರೂ ಸಡಿಲವಾಗಿ ಪಿಕಪ್ ಒಳಗೆ ಇಳಿದಿದ್ದರೆ ಸದ್ದು ಕಮ್ಮಿ. ಆದರೆ ಆಗ ಸದ್ದು ಕಮ್ಮಿಯಾಗುತ್ತೆಯೇ ಹೊರತು ಈ ಪಾಟಿ ಮೂಗಿನ ದನಿ ಬರಲ್ಲ.

ಬಿಚ್ಚದೆ ಅಳೆಯುವುದು

ಈ ಕೆಲಸಕ್ಕೆ ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಗಿಟಾರ್‌ಗೆ ಕೇಬಲ್ ಚುಚ್ಚಿ. ಇನ್ನೊಂದು ತುದಿಯನ್ನು ಆಂಪ್‌ಗೆ ಹಾಕಬೇಡಿ. ಆ ಪ್ಲಗ್ಗಿನ ತುದಿಗೆ ಒಂದು ಪ್ರೋಬ್, ಉದ್ದದ ಭಾಗಕ್ಕೆ ಇನ್ನೊಂದು. ಮೀಟರ್ 20 ಕಿಲೋ ಓಮ್ ರೇಂಜಿನಲ್ಲಿರಲಿ. ಗಿಟಾರ್‌ನ ವಾಲ್ಯೂಮ್ ಪೂರ್ತಿ ಹತ್ತಕ್ಕೆ ತಿರುಗಿಸಿ. ಸ್ವಿಚ್ಚನ್ನು ಒಂದೊಂದೇ ಸ್ಥಾನಕ್ಕೆ ಹಾಕುತ್ತಾ ಬರೆದುಕೊಳ್ಳಿ.

ಈ ಗಿಟಾರ್‌ನಲ್ಲಿ ನೆಕ್ 7.49, ಬ್ರಿಡ್ಜ್ 8.26, ಮಧ್ಯದಲ್ಲಿ 3.96 ಕಿಲೋ ಓಮ್ ಬಂತು. ಮಧ್ಯದಲ್ಲಿ ಎರಡೂ ಪಿಕಪ್ ಪ್ಯಾರಲಲ್ ಆಗಿ, ಅಂದರೆ ಅಕ್ಕಪಕ್ಕದಲ್ಲಿ, ಸೇರುವುದರಿಂದ ಸುಮಾರು ಅರ್ಧ ಬರಬೇಕು, ಬಂದಿದೆ. ವಾಲ್ಯೂಮ್ ಪಾಟ್ 500 ಕಿಲೋ ಓಮ್ ಇದ್ದು ಅದೂ ಪ್ಯಾರಲಲ್ ಆಗಿ ಸೇರಿಕೊಳ್ಳುವುದರಿಂದ ಪಿಕಪ್‌ನ ನಿಜವಾದ ಲೆಕ್ಕಕ್ಕಿಂತ ಚೂರು ಕಮ್ಮಿ ತೋರಿಸುತ್ತೆ. ಅಂದರೆ ನೆಕ್ ಪಿಕಪ್ 7.6, ಬ್ರಿಡ್ಜ್ 8.4. ಎರಡೂ ಆರೋಗ್ಯವಂತ ಹಂಬಕರ್‌ಗಳ ಲೆಕ್ಕ. ಸಾಮಾನ್ಯ ಹಂಬಕರ್ 7ರಿಂದ 9 ಇರುತ್ತೆ, ಜೋರಿನವು ಹದಿನಾಲ್ಕು ಹದಿನೈದಕ್ಕೂ ಹೋಗುತ್ತವೆ. ಸಿಂಗಲ್ ಕಾಯಿಲ್ ಆದರೆ ಐದೂವರೆಯಿಂದ ಏಳರ ಆಸುಪಾಸು.

ಒಂದು ಎಚ್ಚರ: ಬೆಳಗ್ಗೆ ಅಳೆದದ್ದನ್ನು ಮಧ್ಯಾಹ್ನ ಅಳೆದರೆ ಸಂಖ್ಯೆ ಬೇರೆ ಬರಬಹುದು. ತಾಮ್ರ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತೆ, ಹತ್ತು ಡಿಗ್ರಿಗೆ ಸುಮಾರು ಶೇಕಡ 4ರಷ್ಟು. ಮಡಿಕೇರಿ ಚಳಿಯಲ್ಲಿ 8.1 ತೋರಿಸಿದ ಪಿಕಪ್ ಮಂಗಳೂರಿನ ಸೆಕೆಯಲ್ಲಿ 8.5 ದಾಟಿದರೆ ಗಾಬರಿ ಬೇಡ.

ಬ್ರಿಡ್ಜ್‌ನಲ್ಲಿ ಬೇರೆ ಸಂಖ್ಯೆ ಬಂದಿದ್ದರೆ ಏನು ಅರ್ಥ? ಹಂಬಕರ್‌ನಲ್ಲಿ ಎರಡು ಕಾಯಿಲ್ ಇರುತ್ತವೆ. ಇಲ್ಲಿ ಒಂದೊಂದೂ 4.2. ಎರಡೂ ಒಂದರ ಹಿಂದೊಂದು ಸೇರಿ 8.4. ಮೀಟರ್ 4.2ರ ಹತ್ತಿರ ತೋರಿಸಿದರೆ ಒಂದೇ ಕಾಯಿಲ್ ಕೆಲಸ ಮಾಡುತ್ತಿದೆ, ಇನ್ನೊಂದು ಎಲ್ಲೋ ಗ್ರೌಂಡ್‌ಗೆ, ಅಂದರೆ ಸಿಗ್ನಲ್ ವಾಪಸ್ ಹೋಗುವ ದಾರಿಗೆ, ತಾಗಿದೆ. 2.1 ತೋರಿಸಿದರೆ ಎರಡು ಕಾಯಿಲ್ ಪ್ಯಾರಲಲ್ ಆಗಿವೆ. ಆಗ ಸದ್ದು ಕಮ್ಮಿ, ಆದರೆ ಹೊಳಪು ಜಾಸ್ತಿ, ಕೇಳಲು ಚೆನ್ನಾಗಿಯೇ ಇರುತ್ತೆ. 20 ಕಿಲೋ ರೇಂಜು ದಾಟಿ, ದೊಡ್ಡ ರೇಂಜಿಗೆ ಹಾಕಿದಾಗ 500ರ ಹತ್ತಿರ ಬಂದರೆ ಮೀಟರ್ ಬರೀ ಪಾಟನ್ನು ಅಳೆಯುತ್ತಿದೆ. ಪಿಕಪ್‌ನ ತಂತಿ ಎಲ್ಲೋ ಕಿತ್ತಿದೆ. ಕಾಯಿಲ್‌ನ ತಂತಿ ಸುಮಾರು 0.06 ಮಿಲಿಮೀಟರ್ ದಪ್ಪ, ತಲೆಕೂದಲಷ್ಟು. ಹಂಬಕರ್‌ನ ಒಂದೊಂದು ಕಾಯಿಲ್‌ನಲ್ಲೂ ಸುಮಾರು 5000 ಸುತ್ತು. ಒಂದು ಕಡೆ ಹಸಿರು ತುಕ್ಕು ಹಿಡಿದು ತುಂಡಾದರೂ ಮುಗೀತು. ಹುಡುಗರು ಹೇಳುವ "ಸತ್ತ ಪಿಕಪ್" ನಿಜವಾಗಿ ಇದೊಂದೇ.

ನಮ್ಮ ಗಿಟಾರ್‌ನಲ್ಲಿ ಸಂಖ್ಯೆ ಎಲ್ಲಾ ಸರಿ. ಮೀಟರ್ ಸರಿ ಅನ್ನುತ್ತೆ, ಕಿವಿ ಇಲ್ಲ ಅನ್ನುತ್ತೆ. ಯಾರನ್ನು ನಂಬುವುದು?

ಕರೆಂಟ್ ಬಂದಾಗ ಗೊತ್ತಾಗಿದ್ದು

ಇಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಆವತ್ತು ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ. ಎಲ್ಲೋ ಲೈನ್ ಮೇಲೆ ಮರ ಬಿದ್ದಿತ್ತು. ಮಳೆಗಾಲದಲ್ಲಿ ಇದೇನು ಸುದ್ದಿಯಲ್ಲ. ನಾನು ಗಿಟಾರ್ ಬಾರಿಸಿ ಕೇಳಿದ್ದು ಬ್ಯಾಟರಿಯ ಪುಟ್ಟ ಆಂಪ್‌ನಲ್ಲಿ. ಬ್ರಿಡ್ಜ್ ಪಿಕಪ್ ಕೀರಲಾಗಿತ್ತು, ಆದರೆ ಹಮ್ (ಕರೆಂಟಿನ ಗುಂಯ್ ಸದ್ದು) ಇಲ್ಲ, ಗಪ್‌ಚುಪ್. ಹಮ್ ಇಲ್ಲ ಅಂದ ಮೇಲೆ ಎರಡೂ ಕಾಯಿಲ್ ಸರಿಯಾಗಿ ಸೇರಿವೆ ಅಂತ ಬರೆದುಕೊಂಡೆ. ಒಂದು ಗಂಟೆ ಸ್ವಿಚ್ಚು, ಜಾಕು, ಬೆಸುಗೆಗಳನ್ನು ಕೆದಕಿದೆ. ಏನೂ ಸಿಗಲಿಲ್ಲ. ಹುಡುಗ ಎರಡು ಸಲ ಕಾಫಿ ಕುಡಿದ.

ಸಂಜೆ ಆರರ ಹೊತ್ತಿಗೆ ಕರೆಂಟ್ ಬಂತು. ಟ್ಯೂಬ್‌ಲೈಟ್ ಮಿಣಕ್ ಮಿಣಕ್ ಅಂತು. ಮೇಜಿನ ಮೇಲಿದ್ದ ಗಿಟಾರ್‌ನ ಸ್ವಿಚ್ ಬ್ರಿಡ್ಜ್ ಕಡೆಗೇ ಇತ್ತು. ಆಂಪ್ "ಗುಂಯ್ಯ್" ಅಂತ ಹಿಡಿದುಕೊಂಡಿತು. ಸ್ವಿಚ್ಚನ್ನು ನೆಕ್‌ಗೆ ಹಾಕಿದೆ, ಪೂರ್ತಿ ನಿಶ್ಶಬ್ದ. ಮತ್ತೆ ಬ್ರಿಡ್ಜ್‌ಗೆ, ಗುಂಯ್ಯ್. ಕರೆಂಟೇ ಇಲ್ಲದ ಮನೆಯಲ್ಲಿ ಕರೆಂಟಿನ ಹಮ್ ಎಲ್ಲಿಂದ ಬರಬೇಕು! ಹಂಬಕರ್ ಪರೀಕ್ಷೆಯನ್ನು ಕರೆಂಟ್ ಇಲ್ಲದಾಗ ಮಾಡಬೇಡಿ. ಮಾಡಿದರೂ ಹಮ್ ಬಗ್ಗೆ ತೀರ್ಮಾನ ಬೇಡ.

ಹಂಬಕರ್ ಅನ್ನುವ ಹೆಸರೇ ಹಮ್ ಹೊಡೆದುಹಾಕುವುದು ಅಂತ. ಗಿಟಾರ್ ಮಾಡುವ ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ ಇದಕ್ಕೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಉಪಾಯ ಬಹಳ ಸರಳ. ಎರಡು ಕಾಯಿಲ್. ಎರಡಕ್ಕೂ ಆಯಸ್ಕಾಂತದ ಮುಖ ಉಲ್ಟಾ: ಒಂದಕ್ಕೆ ಉತ್ತರ, ಒಂದಕ್ಕೆ ದಕ್ಷಿಣ. ವೈರಿಂಗ್‌ನ ದಿಕ್ಕೂ ಉಲ್ಟಾ. ತಂತಿಯ ಸದ್ದಿಗೆ ಆಯಸ್ಕಾಂತ ಬೇಕು, ಹಾಗಾಗಿ ಎರಡು ಸಲ ಉಲ್ಟಾ ಆಗಿ ಸೀದಾ ಬರುತ್ತೆ. ಎರಡು ಕಾಯಿಲ್‌ನ ಸದ್ದೂ ಕೂಡಿಕೊಳ್ಳುತ್ತೆ. ಮನೆಯ ವೈರಿನಿಂದ, ಟ್ಯೂಬ್‌ಲೈಟ್ ಚೋಕಿನಿಂದ ಬರುವ 50 ಹರ್ಟ್ಸ್ ಹಮ್‌ಗೆ ಪಿಕಪ್‌ನ ಆಯಸ್ಕಾಂತದ ಹಂಗಿಲ್ಲ. ಅದು ಸೀದಾ ಕಾಯಿಲ್‌ಗೇ ಬರುತ್ತೆ, ಒಂದೇ ಸಲ ಉಲ್ಟಾ ಆಗುತ್ತೆ, ಒಂದು ಕಾಯಿಲ್‌ನದು ಇನ್ನೊಂದರದನ್ನು ಕೊಲ್ಲುತ್ತೆ.

ಈಗ ಯಾರೋ ಒಂದು ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಿದರು ಅನ್ನಿ. ಲೆಕ್ಕ ಪೂರ್ತಿ ತಲೆಕೆಳಗು. ತಂತಿಯ ಸದ್ದು ಒಂದನ್ನೊಂದು ಕಳೆಯುತ್ತೆ, ಹಮ್ ಒಂದಕ್ಕೊಂದು ಕೂಡುತ್ತೆ. ದಪ್ಪ ದನಿಯಲ್ಲಿ ಎರಡು ಕಾಯಿಲ್ ಹೆಚ್ಚುಕಮ್ಮಿ ಒಂದೇ ಥರ ಕೇಳಿಸಿಕೊಳ್ಳುವುದರಿಂದ ಅದು ಪೂರ್ತಿ ಸಾಯುತ್ತೆ. ಮೇಲಿನ ಸ್ವರಗಳಲ್ಲಿ ಎರಡು ಕಾಯಿಲ್‌ಗೂ ಚೂರು ವ್ಯತ್ಯಾಸ ಇರುವುದರಿಂದ ಅಷ್ಟು ಉಳಿದುಕೊಳ್ಳುತ್ತೆ. ಕೇಳಿದ ಮೂಗಿನ ದನಿ ಅದೇ. ಓಮ್ ಲೆಕ್ಕ ಮಾತ್ರ ಬದಲಾಗಲ್ಲ. 4.2 ಕೂಡು 4.2, ಯಾವ ಕಡೆಯಿಂದ ಕೂಡಿದರೂ 8.4.

ಕೀರಲು ದನಿಗೆ ನನ್ನ ಲೆಕ್ಕ ಈಗ ಹೀಗೆ. ಓಮ್ ಸರಿ, ದನಿ ಕೀರಲು, ಹಮ್ ಜಾಸ್ತಿ: ಕಾಯಿಲ್‌ಗಳು ಒಂದಕ್ಕೊಂದು ಎದುರಾಗಿವೆ. ಓಮ್ ಅರ್ಧ, ದನಿ ತೆಳು, ಹಮ್ ಇದೆ: ಒಂದೇ ಕಾಯಿಲ್. ಓಮ್ ಕಾಲು, ದನಿ ತೆಳು, ಹಮ್ ಇಲ್ಲ: ಪ್ಯಾರಲಲ್. ಇದನ್ನು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಹಮ್ ಎಲ್ಲವೂ ಪಿಕಪ್‌ನದೇ ಅಂತಲ್ಲ. ತಂತಿ ಮುಟ್ಟಿದಾಗ ಹಮ್ ಕಮ್ಮಿಯಾದರೆ ಬ್ರಿಡ್ಜ್‌ನ ಗ್ರೌಂಡ್ ವೈರ್ ಸರಿ ಇದೆ ಅಂತ ಅರ್ಥ. ಮುಟ್ಟಿದಾಗ ಜಾಸ್ತಿಯಾದರೆ ಜಾಕ್‌ನಲ್ಲಿ ಹಾಟ್ (ಸಿಗ್ನಲ್ ಹೊರಡುವ ವೈರ್) ಮತ್ತು ಗ್ರೌಂಡ್ ಅದಲುಬದಲು ಆಗಿರಬಹುದು. ಅಗ್ಗದ ಇನ್ವರ್ಟರ್‌ನಲ್ಲಿ ಆಂಪ್ ಓಡಿಸಿದರೆ ಬರುವ ಗರಗರ ಬೇರೆ ಜಾತಿಯದು, ಅದಕ್ಕೆ ಗಿಟಾರ್ ಬಿಚ್ಚಬೇಡಿ. ತಂತಿಯೋ ಮೈಕೋ ಮುಟ್ಟಿದಾಗ ಚುರ್ ಅಂದರೆ ಅದು ದೋಷ ಹುಡುಕುವ ಹೊತ್ತಲ್ಲ. ಆಂಪ್‌ನ ಪ್ಲಗ್ ಕಿತ್ತು ಮನೆಯ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸಿದ್ದವರನ್ನೂ ನೋಡಿದ್ದೇನೆ. ಅವರು ಗಿಟಾರ್ ಬಿಟ್ಟು ಬೇರೆ ಏನಾದರೂ ಕಲಿಯುವುದು ಒಳ್ಳೆಯದು.

ಯಾವ ವೈರ್ ಯಾವ ಕಾಯಿಲ್‌ನದು

ಹಿಂದಿನ ಪ್ಲಾಸ್ಟಿಕ್ ತಗಡು ಬಿಚ್ಚಿದೆ. ಮೊದಲು ಮೊಬೈಲ್‌ನಲ್ಲಿ ಫೋಟೋ. ಆಮೇಲೆ ಮಾತು. ಬ್ರಿಡ್ಜ್ ಪಿಕಪ್‌ನಿಂದ ಕೆಂಪು, ಕಪ್ಪು, ಬಿಳಿ, ಹಸಿರು ನಾಲ್ಕು ವೈರು ಮತ್ತೊಂದು ಬೋಳು ತಂತಿ ಬಂದಿದ್ದವು. ಕಪ್ಪು ಸ್ವಿಚ್‌ಗೆ ಹೋಗಿತ್ತು. ಕೆಂಪು ಮತ್ತು ಬಿಳಿ ಒಟ್ಟಿಗೆ ಬೆಸೆದು ಟೇಪ್ ಸುತ್ತಿತ್ತು. ಹಸಿರು, ಬೋಳು ಎರಡೂ ಪಾಟ್‌ನ ಬೆನ್ನಿಗೆ. ಬೆಸುಗೆ ಹುಡುಗನದೇ, ಕೆಟ್ಟದಾಗೇನೂ ಇರಲಿಲ್ಲ.

"ಈ ಬಣ್ಣದ ಲೆಕ್ಕ ಎಲ್ಲಿ ಸಿಕ್ಕಿತು?" ಅಂದೆ. ಮೊಬೈಲ್ ತೋರಿಸಿದ. ಅದು ಸೀಮೋರ್ ಡಂಕನ್ ಅನ್ನುವ ಕಂಪನಿಯ ಪಿಕಪ್‌ಗಳ ಚಿತ್ರ. ಪಿಕಪ್ ಮೇಲೆ ಮಾತ್ರ ಯಾವ ಹೆಸರೂ ಇರಲಿಲ್ಲ. ಬೆಂಗಳೂರಿನಲ್ಲಿ ಯಾರದೋ ಕೈಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು.

ನಾಲ್ಕು ವೈರಿನ ಪಿಕಪ್‌ಗಳಲ್ಲಿ ಇದೇ ದೊಡ್ಡ ತಲೆನೋವು. ಬಣ್ಣಗಳಿಗೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಡಂಕನ್‌ನಲ್ಲಿ ಕಪ್ಪು ಹಾಟ್, ಕೆಂಪು ಬಿಳಿ ಜೋಡಿ, ಹಸಿರು ಗ್ರೌಂಡ್. ಡಿಮಾರ್ಜಿಯೋ ಅನ್ನುವ ಇನ್ನೊಂದು ಕಂಪನಿಯದರಲ್ಲಿ ಕೆಂಪು ಹಾಟ್, ಕಪ್ಪು ಬಿಳಿ ಜೋಡಿ, ಹಸಿರು ಗ್ರೌಂಡ್. ಒಂದರ ಚಿತ್ರ ನೋಡಿ ಇನ್ನೊಂದನ್ನು ಬೆಸೆದರೆ ಒಂದು ಕಾಯಿಲ್ ಉಲ್ಟಾ. ಯಾರದೂ ತಪ್ಪಲ್ಲ, ಆದರೆ ಗಿಟಾರ್ ಮೂಗಿನಲ್ಲಿ ಹಾಡುತ್ತೆ. ಹೆಸರಿಲ್ಲದ ಪಿಕಪ್‌ಗಳಲ್ಲಿ ಇವೆರಡೂ ಅಲ್ಲದ ಮೂರನೆಯ ಲೆಕ್ಕವೂ ಇರಬಹುದು. ಹಾಗಾಗಿ ಬಣ್ಣ ನಂಬದೆ ಮೀಟರ್ ಹಿಡಿಯುವುದೇ ಸರಿ.

ನಾಲ್ಕೂ ವೈರು ಬಿಡಿಸಿಕೊಂಡೆ. ಎರಡೆರಡಾಗಿ ಓಮ್ ಅಳೆದರೆ ಜೋಡಿ ಸಿಗುತ್ತೆ: ಕೆಂಪು ಕಪ್ಪು ನಡುವೆ 4.2, ಬಿಳಿ ಹಸಿರು ನಡುವೆ 4.2, ಬೇರೆ ಯಾವ ಜೋಡಿಯಲ್ಲೂ ಏನೂ ಇಲ್ಲ. ಅಂದರೆ ಕೆಂಪು ಕಪ್ಪು ಒಂದು ಕಾಯಿಲ್, ಬಿಳಿ ಹಸಿರು ಇನ್ನೊಂದು.

ದಿಕ್ಕು ಹುಡುಕುವುದು ಸ್ವಲ್ಪ ಮಜವಾದ ಕೆಲಸ. ನನ್ನ ಹತ್ತಿರ ಹಳೇ ಮುಳ್ಳಿನ ಮೀಟರ್ ಇದೆ, ಇದಕ್ಕೆ ಅದೇ ಒಳ್ಳೆಯದು. ಡಿಜಿಟಲ್ ಆದರೆ 200 ಮಿಲಿವೋಲ್ಟ್ ಡಿಸಿ ರೇಂಜಿಗೆ ಹಾಕಿ. ಮೀಟರ್‌ನ ಕೆಂಪು ಪ್ರೋಬನ್ನು ಪಿಕಪ್‌ನ ಕೆಂಪು ವೈರಿಗೆ, ಕಪ್ಪು ಪ್ರೋಬನ್ನು ಕಪ್ಪು ವೈರಿಗೆ ಕ್ಲಿಪ್‌ನಿಂದ ಸಿಕ್ಕಿಸಿ. ಉಕ್ಕಿನ ಸ್ಕ್ರೂಡ್ರೈವರನ್ನು ಪಿಕಪ್ ಮೇಲೆ ಮಲಗಿಸಿ, ಎರಡೂ ಕಾಯಿಲ್‌ನ ಮೇಲೆ ಬರುವ ಹಾಗೆ. ಆಯಸ್ಕಾಂತ ಹಿಡಿದುಕೊಳ್ಳುತ್ತೆ. ಈಗ ಪಟ್ ಅಂತ ಮೇಲಕ್ಕೆ ಕೀಳಿ. ಮುಳ್ಳು ಒಂದು ಚಣ ಬಲಕ್ಕೆ ಹಾರಿದರೆ ಪ್ಲಸ್, ಎಡಕ್ಕೆ ಹಾರಿದರೆ ಮೈನಸ್. ಡಿಜಿಟಲ್‌ನಲ್ಲಿ ಸಂಖ್ಯೆಯ ಹಿಂದೆ ಮೈನಸ್ ಗುರುತು ಬರುತ್ತಾ ಇಲ್ವಾ ಅಂತ ನೋಡಿ. ಅದು ನಿಧಾನ, ನಾಲ್ಕೈದು ಸಲ ಮಾಡಬೇಕು. ಕೀಳುವಾಗ ಬರುವುದನ್ನಷ್ಟೇ ನೋಡಿ. ಇಡುವಾಗ ಉಲ್ಟಾ ಬರುತ್ತೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತಲೆ ಕೆಡುತ್ತೆ.

ಕೆಂಪು ವೈರು ಪ್ಲಸ್ ಬಂತು. ಇನ್ನೊಂದು ಕಾಯಿಲ್‌ನಲ್ಲಿ ಬಿಳಿ ಪ್ಲಸ್. ಎರಡು ಬ್ಯಾಟರಿ ಸೆಲ್ ಟಾರ್ಚಿಗೆ ಹಾಕುವುದನ್ನು ನೆನಪಿಸಿಕೊಳ್ಳಿ. ಒಂದರ ಮೈನಸ್‌ಗೆ ಇನ್ನೊಂದರ ಪ್ಲಸ್ ತಾಗಬೇಕು. ಹುಡುಗ ಕೆಂಪು ಬಿಳಿ ಜೋಡಿಸಿದ್ದ, ಪ್ಲಸ್‌ಗೆ ಪ್ಲಸ್. ಟಾರ್ಚ್ ಹತ್ತುತ್ತಾ?

ಕಪ್ಪು ಮತ್ತು ಬಿಳಿ ಬೆಸೆದೆ. ಕೆಂಪು ಸ್ವಿಚ್‌ಗೆ, ಹಸಿರು ಗ್ರೌಂಡ್‌ಗೆ. ಬೋಳು ತಂತಿ ಇದ್ದಲ್ಲೇ. ಆಂಪ್ ಹಾಕಿದರೆ ಹಮ್ ಇಲ್ಲ. ದಪ್ಪ 'ಇ' ತಂತಿ ಮೀಟಿದೆ, ಮೇಜಿನ ಮೇಲಿನ ಸ್ಕ್ರೂಗಳು ನಡುಗಿದವು. ಹುಡುಗನ ಮುಖ ನೋಡಬೇಕಿತ್ತು.

ತಗಡು ಬಿಚ್ಚಿದ್ದೇವೆ, ಪಾಟ್ ಕೂಡ ನೋಡಿಬಿಡೋಣ

"ಅಣ್ಣಾ, ಇನ್ನೊಂದು. ವಾಲ್ಯೂಮ್ ತಿರುಗಿಸಿದರೆ ಏನೂ ಆಗಲ್ಲ, ಕೊನೆಯಲ್ಲಿ ಒಂದೇ ಸಲ ಬಿದ್ದುಹೋಗುತ್ತೆ" ಅಂದ. ಅದು ಲೀನಿಯರ್ ಪಾಟ್‌ನ, ಅಂದರೆ ತಿರುಗಿಸಿದಷ್ಟಕ್ಕೇ ಸಮವಾಗಿ ಓಮ್ ಬದಲಾಗುವ ಪಾಟ್‌ನ, ಲಕ್ಷಣ. ಕಿವಿಗೆ ಸದ್ದು ಸಮವಾಗಿ ಇಳಿದ ಹಾಗೆ ಅನಿಸಬೇಕಾದರೆ ಆಡಿಯೋ ಟೇಪರ್ ಪಾಟ್ ಬೇಕು. ಕಂಡುಹಿಡಿಯುವುದು ಸುಲಭ. ಪಾಟನ್ನು ಬಿಡಿಸಿಕೊಂಡು ಅರ್ಧಕ್ಕೆ ತಿರುಗಿಸಿ, ಮಧ್ಯದ ಕಾಲಿಗೂ ಗ್ರೌಂಡ್‌ಗೆ ಹೋಗುವ ಕಾಲಿಗೂ ಅಳೆಯಿರಿ. ಒಟ್ಟು ಲೆಕ್ಕದ ಅರ್ಧ ಬಂದರೆ ಲೀನಿಯರ್. ಹತ್ತು ಹದಿನೈದು ಶೇಕಡ ಬಂದರೆ ಆಡಿಯೋ. ಇದರಲ್ಲಿ 500ಕ್ಕೆ 250 ಬಂತು. ಬದಲಾಯಿಸಿದೆ.

ಪಾಟ್‌ನ ಬೆಲೆ, ಅಂದರೆ ಓಮ್ ಬೆಲೆ, ಟೋನ್ ಮೇಲೆ ನೇರ ಪರಿಣಾಮ ಮಾಡುತ್ತೆ. ಇದನ್ನು ಜನ ನಂಬಲ್ಲ. ಪೂರ್ತಿ ಹತ್ತಕ್ಕೆ ತಿರುಗಿಸಿಟ್ಟರೂ ಪಾಟ್ ಪಿಕಪ್‌ಗೆ ಹೊರೆಯೇ. ಓಮ್ ಕಮ್ಮಿಯಾದಷ್ಟೂ ಹೊರೆ ಜಾಸ್ತಿ, ಹೊರೆ ಜಾಸ್ತಿಯಾದಷ್ಟೂ ಮೇಲಿನ ಹೊಳಪು ಇಳಿಯುತ್ತೆ. ಸಿಂಗಲ್ ಕಾಯಿಲ್ ದನಿ ಮೊದಲೇ ಚುಚ್ಚುವಂಥದ್ದು, ಅದಕ್ಕೆ 250 ಕಿಲೋ ಹಾಕಿ ಚೂರು ಮೆತ್ತಗೆ ಮಾಡುತ್ತಾರೆ. ಹಂಬಕರ್ ಮೊದಲೇ ದಪ್ಪ, ಅದಕ್ಕೆ 500. ಹಂಬಕರ್‌ಗೆ 250 ಹಾಕಿದರೆ ಕಂಬಳಿ ಹೊದ್ದು ಹಾಡಿದ ಹಾಗೆ ಆಗುತ್ತೆ. ದೋಷ ಅಲ್ಲ, ಕೆಲವರಿಗೆ ಅದೇ ಇಷ್ಟ.

ದೋಷ ಅಂದರೆ ಕುಶಾಲನಗರದಿಂದ ಬಂದ ಒಂದು ಗಿಟಾರ್. ಯಾರೋ ಟೇಪ್ ರೆಕಾರ್ಡರ್‌ನ 10 ಕಿಲೋ ವಾಲ್ಯೂಮ್ ಕಂಟ್ರೋಲ್ ಹಾಕಿಕೊಟ್ಟಿದ್ದರು. ಕೇಬಲ್ ತುದಿಯಲ್ಲಿ ಅಳೆದರೆ 4.6 ಬಂತು. ನೋಡಿದ ತಕ್ಷಣ ಒಂದು ಕಾಯಿಲ್ ಹೋಗಿದೆ ಅನಿಸುತ್ತೆ, ಅಲ್ವಾ? ಅಲ್ಲ. 8.4ರ ಪಿಕಪ್‌ಗೆ 10 ಪ್ಯಾರಲಲ್ ಆದರೂ 4.6 ಬರುತ್ತೆ. ಇಲ್ಲಿ ಕಿವಿ ಕೈ ಹಿಡಿಯಿತು. ಒಂದು ಕಾಯಿಲ್ ಹೋದರೆ ದನಿ ತೆಳುವಾಗಿ ಹೊಳೆಯಬೇಕು. ಇದು ಗೋಣಿಚೀಲದೊಳಗಿಂದ ಬಂದ ಹಾಗೆ ಮಂಕಾಗಿತ್ತು. ಪಿಕಪ್‌ನ ವೈರ್ ಬಿಡಿಸಿ ಪಾಟ್ ಒಂದನ್ನೇ ಅಳೆದೆ, 9.8. ಮುಗೀತು.

ಟೋನ್ ಕಂಟ್ರೋಲ್ ಅಂದರೆ ಒಂದು ಪಾಟು, ಒಂದು ಕೆಪಾಸಿಟರ್. ಮೇಲಿನ ಸ್ವರಗಳನ್ನು ಗ್ರೌಂಡ್‌ಗೆ ಹರಿಸುವ ತೂಬು ಅನ್ನಿ. ಹಂಬಕರ್ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 0.022 ಮೈಕ್ರೋಫ್ಯಾರಡ್, ಮೇಲೆ 223 ಅಂತ ಬರೆದಿರುತ್ತೆ. ಸಿಂಗಲ್ ಕಾಯಿಲ್‌ಗೆ 0.047, ಬರಹ 473. ದೊಡ್ಡದಾದಷ್ಟೂ ಟೋನ್ ಇಳಿಸಿದಾಗ ಜಾಸ್ತಿ ಮಂಕು. ಟೋನ್ ಹತ್ತರಲ್ಲಿದ್ದಾಗ ಯಾವ ಬೆಲೆ ಹಾಕಿದರೂ ಹೆಚ್ಚು ವ್ಯತ್ಯಾಸ ಇರಲ್ಲ. ಬಣ್ಣದ ದುಬಾರಿ ಕೆಪಾಸಿಟರ್ ಹಾಕಿ "ಸೌಂಡ್ ಓಪನ್ ಆಯ್ತು" ಅನ್ನುವವರ ಜೊತೆ ನಾನು ಜಗಳ ಆಡಲ್ಲ, ಸುಮ್ನೆ ನಗುತ್ತೇನೆ. ಟೋನ್ ಇಳಿಸಿದಾಗ ಮಂಕಾಗುವ ಬದಲು ಸದ್ದೇ ಹೋದರೆ ಕೆಪಾಸಿಟರ್ ಶಾರ್ಟ್ ಆಗಿದೆ, ಅಥವಾ ಅದರ ಎರಡು ಕಾಲು ಎಲ್ಲೋ ತಾಗಿಕೊಂಡಿವೆ. ಟೋನ್ ತಿರುಗಿಸಿದರೂ ಯಾವಾಗಲೂ ಮಂಕೇ ಅಂದರೆ ಪಾಟ್‌ನ ಕಾಲು ಅದರ ತಗಡಿಗೆ ಬಾಗಿ ತಾಗಿದೆಯಾ ನೋಡಿ.

ವಾಲ್ಯೂಮ್ ಇಳಿಸಿದಾಗ ಹೊಳಪೂ ಹೋಗುತ್ತೆ ಅನ್ನುವ ದೂರು ದೋಷವಲ್ಲ, ಅದು ಈ ಥರದ ವೈರಿಂಗ್‌ನ ಗುಣ. ಪಾಟ್‌ನ ರೆಸಿಸ್ಟೆನ್ಸು, ಕೇಬಲ್‌ನ ಕೆಪಾಸಿಟೆನ್ಸು ಸೇರಿ ಮೇಲಿನ ಸ್ವರ ತಿನ್ನುತ್ತವೆ. ಕೇಬಲ್ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಇರುತ್ತೆ, ಉದ್ದವಾದಷ್ಟೂ ಜಾಸ್ತಿ. ಮದುವೆ ಮಂಟಪದಲ್ಲಿ ಹತ್ತು ಮೀಟರ್ ಕೇಬಲ್ ಎಳೆದವನ ದನಿ, ಮನೆಯಲ್ಲಿ ಮೂರು ಮೀಟರ್‌ನಲ್ಲಿ ಕೇಳಿದ ದನಿ ಒಂದೇ ಇರಲ್ಲ. ಬೇಕಿದ್ದರೆ ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿಗೂ ಮಧ್ಯದ ಕಾಲಿಗೂ ನಡುವೆ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಪ್ಯಾರಲಲ್ ಆಗಿ 150 ಕಿಲೋ ರೆಸಿಸ್ಟರ್ ಹಾಕಬಹುದು. ಇಪ್ಪತ್ತು ರೂಪಾಯಿ ಕೆಲಸ. ಇನ್ನೊಂದು ದಾರಿ, ಟೋನ್‌ನ ವೈರನ್ನು ವಾಲ್ಯೂಮ್‌ನ ಒಳಬರುವ ಕಾಲಿನಿಂದ ತೆಗೆದು ಮಧ್ಯದ ಕಾಲಿಗೆ ಹಾಕುವುದು. ಗಿಬ್ಸನ್ 1950ರ ದಶಕದಲ್ಲಿ ಹಾಗೇ ಮಾಡುತ್ತಿತ್ತು. ಈ ಹುಡುಗನಿಗೆ ನಾನು ಎರಡನೆಯದನ್ನು ಮಾಡಿದೆ, ಪೈಸೆ ಖರ್ಚಿಲ್ಲ.

ಮಧ್ಯದ ಸ್ಥಾನ ಉಳಿದಿತ್ತು

ಎಲ್ಲಾ ಮುಗೀತು ಅಂತ ತಗಡು ಮುಚ್ಚುವ ಹೊತ್ತಿಗೆ ಹುಡುಗ ಸ್ವಿಚ್ಚನ್ನು ಮಧ್ಯಕ್ಕೆ ಹಾಕಿ ಬಾರಿಸಿದ. ಮತ್ತೆ ಅದೇ ಮೂಗು! ನೆಕ್ ಒಂದೇ ಆದರೆ ಚೆನ್ನ, ಬ್ರಿಡ್ಜ್ ಒಂದೇ ಆದರೂ ಚೆನ್ನ, ಎರಡೂ ಸೇರಿದರೆ ಟೊಳ್ಳು. ಈ ಸಲ ಹಮ್ ಮಾತ್ರ ಇಲ್ಲ.

ಇದು ಕಾಯಿಲ್‌ನೊಳಗಿನ ಜಗಳವಲ್ಲ, ಎರಡು ಪಿಕಪ್‌ಗಳ ನಡುವಿನ ಜಗಳ. ಪಿಕಪ್ ಒಂದೊಂದಾಗಿ ಸರಿ ಇದ್ದು ಜೊತೆಗೆ ಮಾತ್ರ ಕೆಟ್ಟರೆ ಇದೇ. ಬೇರೆ ಬೇರೆ ಕಡೆಯ ಪಿಕಪ್ ಸೇರಿಸಿದಾಗ ಆಗುವುದು ಮಾಮೂಲಿ. ಸ್ಕ್ರೂಡ್ರೈವರ್ ಪರೀಕ್ಷೆ ಎರಡಕ್ಕೂ ಮಾಡಿದೆ. ಕೀಳುವಾಗ ಬ್ರಿಡ್ಜ್‌ನ ಹಾಟ್ ಪ್ಲಸ್, ನೆಕ್‌ನ ಹಾಟ್ ಮೈನಸ್. ಎರಡೂ ಒಂದೇ ಆಗಬೇಕು.

ಯಾವುದನ್ನು ತಿರುಗಿಸುವುದು? ನೆಕ್ ಪಿಕಪ್ ಹಳೇ ಥರದ್ದು, ಒಳಗೊಂದು ವೈರು, ಸುತ್ತ ಹೆಣೆದ ಲೋಹದ ಜಾಲರಿ. ಆ ಜಾಲರಿ ಪಿಕಪ್‌ನ ತಗಡಿಗೂ ಮುಚ್ಚಳಕ್ಕೂ ತಾಗಿರುತ್ತೆ. ಅದನ್ನು ಅದಲುಬದಲು ಮಾಡಿದರೆ ಮುಚ್ಚಳವೇ ಹಾಟ್ ಆಗುತ್ತೆ, ಕೈ ತಾಗಿದಾಗೆಲ್ಲ ಹಮ್. ಅಂಥದ್ದನ್ನು ಉಲ್ಟಾ ಮಾಡಬೇಕಾದರೆ ಪಿಕಪ್ ಬಿಚ್ಚಿ ಆಯಸ್ಕಾಂತ ತಿರುಗಿಸಬೇಕು. ಬ್ರಿಡ್ಜ್‌ನಲ್ಲಿ ನಾಲ್ಕು ವೈರು ಬೇರೆ, ಬೋಳು ತಂತಿ ಬೇರೆ. ಹಾಗಾಗಿ ಹಸಿರನ್ನು ಸ್ವಿಚ್‌ಗೆ, ಕೆಂಪನ್ನು ಗ್ರೌಂಡ್‌ಗೆ ಹಾಕಿದರೆ ಮುಗೀತು. ಬೋಳು ತಂತಿ ಮಾತ್ರ ಗ್ರೌಂಡ್‌ನಲ್ಲೇ ಇರಬೇಕು, ಅದನ್ನು ಜೊತೆಗೆ ಎತ್ತಿಬಿಡಬೇಡಿ.

ಬೆಸೆಯುವ ಮೊದಲು ಹುಡುಗನನ್ನು ಕೇಳಿದೆ. ಯಾಕೆಂದರೆ ಈ ಟೊಳ್ಳು ದನಿಯನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಬ್ಲೂಸ್ ಗಿಟಾರಿಸ್ಟ್ ಪೀಟರ್ ಗ್ರೀನ್ ಅವರ ಲೆಸ್ ಪಾಲ್ ಗಿಟಾರ್‌ನ ನೆಕ್ ಪಿಕಪ್‌ನಲ್ಲಿ ಆಯಸ್ಕಾಂತ ಉಲ್ಟಾ ಆಗಿತ್ತು, ಮಧ್ಯದ ಸ್ಥಾನದ ಆ ದನಿಯೇ ಅವರ ಗುರುತಾಯ್ತು. ಆ ಗಿಟಾರ್ ಆಮೇಲೆ ಇನ್ನೊಬ್ಬ ಗಿಟಾರಿಸ್ಟ್ ಗ್ಯಾರಿ ಮೂರ್ ಕೈಗೆ ಹೋಯಿತು. "ಇರಲಿ ಅಂದರೆ ಹಾಗೇ ಬಿಡುತ್ತೇನೆ" ಅಂದೆ.

ಅವನು ಎರಡು ನಿಮಿಷ ಬಾರಿಸಿ ನೋಡಿದ. "ಬೇಡ ಅಣ್ಣಾ, ಮದುವೆ ಮನೆಯಲ್ಲಿ ವಾಲಗದವರು ನಿಲ್ಲಿಸಿದ ಮೇಲೆ ನಾವು ಶುರು ಮಾಡೋದು. ಈ ಸೌಂಡ್ ಯಾರಿಗೂ ಕೇಳಲ್ಲ" ಅಂದ.

ಹಸಿರು ಸ್ವಿಚ್‌ಗೆ, ಕೆಂಪು ಗ್ರೌಂಡ್‌ಗೆ. ಓಮ್ ಮತ್ತೆ ಅಳೆದೆ: 7.49, 8.26, 3.96. ಬೆಳಗ್ಗೆ ಬರೆದಿದ್ದೇ ಸಂಖ್ಯೆ, ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಯಾವ ಬಣ್ಣ ಎಲ್ಲಿಗೆ ಅಂತ ಮಾಸ್ಕಿಂಗ್ ಟೇಪ್ ಮೇಲೆ ಬರೆದು ತಗಡಿನ ಒಳಗೆ ಅಂಟಿಸಿದೆ. ಪಕ್ಕದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಸ್ಕ್ರೂ ಬಿಗಿಮಾಡಿದೆ. ಹೊರಗೆ ಮಳೆ ಇನ್ನೂ ಸುರಿಯುತ್ತಲೇ ಇತ್ತು. ಹುಡುಗ ಮತ್ತೆ ರೈನ್‌ಕೋಟನ್ನು ಗಿಟಾರ್‌ಗೇ ಹೊದಿಸಿದ.